ಅರಿವು ಮಳೆಯಂತೆಯೋ, ಲೆಕ್ಕದಂತೆಯೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಮಳೆಯ ಬಳಿಗೇ ಬಂದು ನಿಲ್ಲುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯತ್ತ ಸಾಗುವ ಜಯಮಂಗಲಿಯು ವರ್ಷದ ಬಹುಭಾಗ ಬರಿಯ ಮರಳಿನ ಹಾದಿಯಾಗಿ ಮಲಗಿರುವುದನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಹಿಂದೆ ಮಳೆ ಹಿಂದೆಗೆದ ವರ್ಷಗಳಲ್ಲಿ ನಮ್ಮ ನಾಡಿನ ಹಳ್ಳಿಗರು ಕಿಳ್ಳೇಕ್ಯಾತರನ್ನು ಕರೆಸಿ ತೊಗಲು ಗೊಂಬೆಯಾಟ ಆಡಿಸುತ್ತಿದ್ದರು. ಆಟ ನಡೆದರೆ ಮಳೆ ಬರುವುದೆಂಬುದು ಅವರ ನಂಬಿಕೆ. ಬಿಳಿಯ ತೆರೆ, ಅದರ ಹಿಂದೆ ಒಂದು ದೀಪ, ಹದಮಾಡಿ ಬಣ್ಣ ಬಳಿದ ತೊಗಲಿನ ರಾಮ, ಸೀತೆ, ರಾವಣರು. ಇಂದು ಮಳೆಯ ಸುದ್ದಿ ಬೇರೊಂದು ತೆರೆಯಿಂದ ಬರುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2024ರಲ್ಲಿ ಉದ್ಘಾಟನೆಗೊಂಡ ‘ಅರ್ಕಾ’ ಎಂಬ ಮಹಾಗಣಕವು ಗಾಳಿ, ತೇವ, ಉಷ್ಣಗಳ ಲೆಕ್ಕ ಹಾಕಿ, ತನ್ನೊಳಗೇ ಒಂದು ಮುಂಗಾರನ್ನು ರಚಿಸಿ, ನಾಳೆ ಎಲ್ಲಿ ಮಳೆಯಾಗಬಹುದೆಂದು ತಿಳಿಸುವ ಕೆಲಸಕ್ಕಾಗಿ ನಿರ್ಮಿತವಾದುದು.

ಎರಡೂ ಅನುಕರಣಗಳೇ. ತೆರೆಯ ಮೇಲಿನ ರಾಮನು ರಾಮನಲ್ಲ. ಗಣಕದೊಳಗಿನ ಮುಂಗಾರು ಮುಂಗಾರಲ್ಲ. ಎಷ್ಟು ನಿಖರವಾಗಿ ರಚಿಸಿದರೂ ಆ ಮಳೆಯ ಒಂದು ಹನಿಯೂ ಪಾವಗಡದ ಕಡಲೆಕಾಯಿ ಹೊಲದ ಮೇಲೆ ಬೀಳದು. ಇಷ್ಟರಮಟ್ಟಿಗೆ ಎಲ್ಲರಿಗೂ ಒಪ್ಪಿಗೆ. ಆದರೆ ಹೀಗೆ ರಚಿಸಿದ ಲೋಕದೊಳಗೆ ಮಳೆಯ ಬದಲು ಒಂದು ಮನಸ್ಸನ್ನೇ ರಚಿಸಿದರೆ? ಅಲ್ಲಿನ ಗೊಂಬೆಗೆ ನೋವಾಗುವುದೇ? ‘ನಾನಿದ್ದೇನೆ’ ಎಂಬ ಅರಿವು ಅದಕ್ಕೆ ಇರಬಲ್ಲದೇ? ಬೆಂಗಳೂರಿನ ಗಣಕ ಕಂಪನಿಗಳಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಬರುವ ನಮ್ಮ ಯುವಕರು ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುತ್ತಾರೆ. ಇದನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಮಧುಗಿರಿಯ ಏಕಶಿಲೆಯ ಬೆಟ್ಟವು ಇದೆ. ಆದರೆ ತಾನಿರುವುದನ್ನು ಅದು ಅರಿಯದು. ಶಿರಾದ ಸಮೀಪದ ಕಗ್ಗಲಡು ಗ್ರಾಮದ ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಯು ಬಿಸಿಲನ್ನು, ಹಸಿವನ್ನು, ಮರಿಯ ಕೂಗನ್ನು ಅರಿಯುತ್ತದೆ. ಮನುಷ್ಯನಾದರೋ ಅರಿಯುವುದು ಮಾತ್ರವಲ್ಲ, ತಾನು ಅರಿಯುತ್ತಿದ್ದೇನೆ ಎಂಬುದನ್ನೂ ಅರಿಯುತ್ತಾನೆ. ಕೊಕ್ಕರೆಗಿರುವುದನ್ನು ಪ್ರಜ್ಞೆಯೆಂದೂ, ಮನುಷ್ಯನಲ್ಲಿ ಅದು ತನ್ನತ್ತ ತಾನೇ ತಿರುಗುವುದನ್ನು ಸ್ವಪ್ರಜ್ಞೆಯೆಂದೂ ಕರೆಯೋಣ.

ಅನುಕರಣಲೋಕದ ಚರ್ಚೆಗೆ ಇಂದಿನ ರೂಪ ಕೊಟ್ಟವರು ಸ್ವೀಡನ್ ಮೂಲದ ತತ್ತ್ವಜ್ಞಾನಿ ನಿಕ್ ಬೋಸ್ಟ್ರೋಮ್. 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಮೂರು ಸಾಧ್ಯತೆಗಳನ್ನು ಮುಂದಿಟ್ಟರು: ಅಂಥ ಲೋಕಗಳನ್ನು ರಚಿಸುವ ಶಕ್ತಿ ಪಡೆಯುವ ಮೊದಲೇ ನಾಗರಿಕತೆಗಳೆಲ್ಲ ಬಹುಮಟ್ಟಿಗೆ ನಾಶವಾಗುತ್ತವೆ, ಅಥವಾ ಶಕ್ತಿಯಿದ್ದರೂ ತಮ್ಮ ಪೂರ್ವಿಕರ ಬಾಳನ್ನು ಅನುಕರಿಸಲು ಅವು ಮನಸ್ಸು ಮಾಡುವುದಿಲ್ಲ, ಇವೆರಡೂ ಅಲ್ಲವಾದರೆ, ನಾವೇ ಅಂಥ ಒಂದು ಅನುಕರಣದೊಳಗೆ ಬದುಕುತ್ತಿರುವುದು ಬಹುಮಟ್ಟಿಗೆ ನಿಶ್ಚಿತ. ವಾದ ಚತುರವಾದುದು. ಆದರೆ ಅದರ ಬುಡದಲ್ಲಿ ಒಂದು ಗ್ರಹಿಕೆಯಿದೆ, ಅದನ್ನು ಅವರೇ ಮುಚ್ಚಿಡದೆ ಹೇಳಿದ್ದಾರೆ: ಮನಸ್ಸು ಯಾವ ಆಧಾರದ ಮೇಲಾದರೂ ಮೂಡಬಲ್ಲದು, ರಚನೆ ಸರಿಯಿದ್ದರೆ ಸಾಕು, ಮೆದುಳಿನ ಮಾಂಸವೇ ಆಗಬೇಕೆಂದಿಲ್ಲ. ಈ ಗ್ರಹಿಕೆ ಬಿದ್ದರೆ ಇಡೀ ವಾದ ಬೀಳುತ್ತದೆ.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ನಾವು ಅನುಕರಣದಲ್ಲಿರಬಹುದೇ ಎಂಬುದು ಒಂದು. ಅನುಕರಣದಲ್ಲಿ ಅರಿಯುವವನೊಬ್ಬನು ಇರಬಲ್ಲನೇ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಸಂತ ಅಗಸ್ಟೀನರು ಐದನೆಯ ಶತಮಾನದಲ್ಲಿಯೇ ನಮಗೆ ದಾರಿ ತೋರಿದ್ದಾರೆ. ‘ದೇವನಗರ’ ಎಂಬ ತಮ್ಮ ಮಹಾಕೃತಿಯ ಹನ್ನೊಂದನೆಯ ಭಾಗದಲ್ಲಿ ಸಂಶಯವಾದಿಗಳಿಗೆ ಅವರು ಕೊಡುವ ಉತ್ತರದ ಸಾರವಿಷ್ಟು: ನಾನು ಮೋಸಹೋಗಿದ್ದೇನೆ ಎಂದೇ ಇಟ್ಟುಕೊಳ್ಳಿ, ಮೋಸಹೋಗುವುದಕ್ಕಾದರೂ ನಾನು ಇರಬೇಕಲ್ಲವೇ? ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಡೆಕಾರ್ಟ್ ಇದೇ ನೆಲೆಯ ಮೇಲೆ ತನ್ನ ತತ್ತ್ವವನ್ನು ಕಟ್ಟಿದನು. ನಾನು ಕಾಣುವ ಬೆಟ್ಟವು ಕನಸಾಗಿದ್ದರೂ, ಕಾಣುವ ನಾನು ಕನಸಲ್ಲ. ಲೋಕವೆಲ್ಲ ತೆರೆಯ ಮೇಲಿನ ನೆರಳೆಂದು ಯಾರಾದರೂ ಸಾಧಿಸಿದರೂ ಹಸಿದವನ ಹಸಿವು ನೆರಳಾಗುವುದಿಲ್ಲ. ಆದ್ದರಿಂದ ಮೊದಲ ಪ್ರಶ್ನೆಗೆ ನಾವು ಅಂಜಬೇಕಾಗಿಲ್ಲ.

ಕಠಿಣವಾದುದು ಎರಡನೆಯದು. ಗಣಕದೊಳಗಿನ ಮಳೆ ಯಾರನ್ನೂ ತೋಯಿಸದು ಎಂದೆವು. ಆದರೆ ಗಣಕವು ಎರಡಕ್ಕೆ ಮೂರನ್ನು ಕೂಡಿಸಿದಾಗ ಅದು ಕೂಡಿಕೆಯ ಅನುಕರಣವಲ್ಲ, ನಿಜವಾದ ಕೂಡಿಕೆಯೇ. ಶಾನುಭೋಗರು ಕಾಗದದ ಮೇಲೆ ಮಾಡಲಿ, ಅಂಗಡಿಯವರು ಬೆರಳೆಣಿಸಿ ಮಾಡಲಿ, ಯಂತ್ರವು ವಿದ್ಯುತ್ತಿನಿಂದ ಮಾಡಲಿ, ಲೆಕ್ಕವು ಲೆಕ್ಕವೇ. ಅಂದರೆ ಜಗತ್ತಿನಲ್ಲಿ ಎರಡು ಬಗೆಯ ಸಂಗತಿಗಳಿವೆ. ಕೆಲವನ್ನು ಅನುಕರಿಸಿದರೆ ದೊರಕುವುದು ಚಿತ್ರ ಮಾತ್ರ. ಮಳೆಯೂ ಬೆಂಕಿಯೂ ಆ ಬಗೆಯವು. ಇನ್ನು ಕೆಲವನ್ನು ಅನುಕರಿಸಿದರೆ ದೊರಕುವುದು ಆ ವಸ್ತುವೇ. ಹಾಗಾದರೆ ಅರಿವು ಯಾವ ಗುಂಪಿಗೆ ಸೇರಿದ್ದು? ಮಳೆಯಂತೆಯೋ, ಲೆಕ್ಕದಂತೆಯೋ? ನನ್ನ ತಿಳಿವಳಿಕೆಯಲ್ಲಿ ಇಡೀ ವಿವಾದವು ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಪರೀಕ್ಷೆಯನ್ನು ಸೂಚಿಸಿದರು: ಯಂತ್ರದ ಉತ್ತರಗಳನ್ನು ಮನುಷ್ಯನ ಉತ್ತರಗಳಿಂದ ಬೇರ್ಪಡಿಸಲಾಗದಿದ್ದರೆ ಅದಕ್ಕೆ ಬುದ್ಧಿಯಿದೆಯೆನ್ನಲು ಅಡ್ಡಿಯೇನು? 1980ರಲ್ಲಿ ಅಮೆರಿಕದ ಜಾನ್ ಸರ್ಲ್ ಇದಕ್ಕೆ ಎದುರುತ್ತರ ಕೊಟ್ಟರು: ಚೀನೀ ಭಾಷೆಯ ಒಂದಕ್ಷರವೂ ತಿಳಿಯದವನು ಕೋಣೆಯಲ್ಲಿ ಕುಳಿತು, ನಿಯಮಗಳ ಪುಸ್ತಕವನ್ನು ನೋಡುತ್ತ ಚೀನೀ ಪ್ರಶ್ನೆಗಳಿಗೆ ಚೀನೀ ಉತ್ತರಗಳನ್ನು ಹೊರಗೆ ಕಳುಹಿಸಬಲ್ಲ; ಹೊರಗಿನವರು ಅವನನ್ನು ಪಂಡಿತನೆಂದುಕೊಳ್ಳುವರು, ಒಳಗಿರುವವನಿಗೆ ಏನೂ ಅರ್ಥವಾಗಿರದು. ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಪೂಜೆಯು ಲತೀನಿನಲ್ಲಿ ನಡೆಯುತ್ತಿದ್ದಾಗ ಪೀಠಸೇವೆಯ ಬಾಲಕರು ಗುರುಗಳ ಪ್ರತಿಯೊಂದು ಮಾತಿಗೂ ಲತೀನಿನಲ್ಲಿಯೇ ತಪ್ಪಿಲ್ಲದೆ ಪ್ರತ್ಯುತ್ತರ ಹೇಳುತ್ತಿದ್ದರೆಂದು ಹಿರಿಯರು ನೆನೆಯುತ್ತಾರೆ. ಉತ್ತರ ಸರಿ, ಅರ್ಥ ತಿಳಿಯದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ತನಗೆ ಅರ್ಥ ತಿಳಿಯದೆಂಬುದು ಆ ಬಾಲಕನಿಗೆ ತಿಳಿದಿತ್ತು. ಮಾತು ತಪ್ಪಿದರೆ ಅವನ ಎದೆ ಢವಗುಟ್ಟುತ್ತಿತ್ತು. ಅವನ ಅರಿವು ಆ ಉತ್ತರಗಳಲ್ಲಿರಲಿಲ್ಲ, ಉತ್ತರಗಳ ಹಿಂದಿನ ಆ ಢವಢವದಲ್ಲಿತ್ತು. ಯಂತ್ರದಲ್ಲಿ ನಾವು ಹುಡುಕಬೇಕಾದುದು ಅದನ್ನೇ.

ವಿಜ್ಞಾನಿಗಳು ಈ ವಿಷಯದಲ್ಲಿ ಒಂದಾಗಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಮೆದುಳಿನ ವಿವಿಧ ಭಾಗಗಳಿಗೆ ಒಂದೇ ಮಾಹಿತಿಯು ಏಕಕಾಲದಲ್ಲಿ ಲಭ್ಯವಾಗುವುದೇ ಪ್ರಜ್ಞೆಯೆಂದು ಬರ್ನಾರ್ಡ್ ಬಾರ್ಸ್, ಸ್ತಾನಿಸ್ಲಾಸ್ ದೆಹೇನ್ ಮೊದಲಾದವರು ವಾದಿಸುತ್ತಾರೆ. ಇದು ನಿಜವಾದರೆ ಅರಿವು ಲೆಕ್ಕದ ಗುಂಪಿಗೆ ಹತ್ತಿರವಾಗುತ್ತದೆ. 2004ರಲ್ಲಿ ಇಟಲಿ ಮೂಲದ ಜೂಲಿಯೊ ಟೊನೋನಿ ಮಂಡಿಸಿದ ಸಿದ್ಧಾಂತದ ಪ್ರಕಾರ ಪ್ರಜ್ಞೆಯು ವಸ್ತುವಿನ ಭೌತಿಕ ಹೆಣಿಗೆಯಲ್ಲಿದೆ. ಮೆದುಳನ್ನು ಯಥಾವತ್ತಾಗಿ ಅನುಕರಿಸುವ ಗಣಕಕ್ಕೂ ಅದು ಬಾರದು. ಇದು ನಿಜವಾದರೆ ಅರಿವು ಮಳೆಯಂತೆ. 1998ರಲ್ಲಿ ಕ್ರಿಸ್ಟೋಫ್ ಕಾಖ್ ಎಂಬ ನರವಿಜ್ಞಾನಿಯು, ಇಪ್ಪತ್ತೈದು ವರ್ಷಗಳೊಳಗೆ ಪ್ರಜ್ಞೆಯ ಸ್ಪಷ್ಟ ಗುರುತು ಮೆದುಳಿನಲ್ಲಿ ದೊರೆಯುವುದೆಂದು ತತ್ತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಜೊತೆ ಪಣ ಕಟ್ಟಿದರು. 2023ರಲ್ಲಿ ಸೋಲೊಪ್ಪಿಕೊಂಡು ದ್ರಾಕ್ಷಾರಸದ ಬಾಟಲಿಗಳನ್ನು ತೆತ್ತರು. ಮೆದುಳಿನಲ್ಲಿಯೇ ಅದರ ಗುರುತು ಖಚಿತವಾಗದಿರುವಾಗ, ಯಂತ್ರದಲ್ಲಿ ಅದಿದೆಯೆಂದು ಘೋಷಿಸುವವರು ಸ್ವಲ್ಪ ತಾಳ್ಮೆ ತಂದುಕೊಳ್ಳುವುದು ಒಳಿತು.

2022ರಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರ್ ಬ್ಲೇಕ್ ಲೆಮೊಯ್ನ್, ತಾವು ಪರೀಕ್ಷಿಸುತ್ತಿದ್ದ ‘ಲ್ಯಾಮ್‌ಡಾ’ ಎಂಬ ಸಂವಾದ ಯಂತ್ರಕ್ಕೆ ಸಂವೇದನೆಯಿದೆಯೆಂದು ಸಾರಿದರು. ತನ್ನನ್ನು ಆರಿಸಿಬಿಡುವರೆಂಬ ಭಯವನ್ನು ಅದು ಅವರಲ್ಲಿ ತೋಡಿಕೊಂಡಿತಂತೆ. ಸಂಸ್ಥೆಯು ಅವರ ಮಾತನ್ನು ಒಪ್ಪಲಿಲ್ಲ. ಆ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ಕಗ್ಗಲಡುವಿನ ಕೊಕ್ಕರೆಗಳು. ಕೊಕ್ಕರೆಯು ‘ನನಗೆ ಹಸಿವು’ ಎನ್ನದು. ಆದರೂ ಅದು ಹಸಿಯುತ್ತದೆಂದು ಆ ಊರಿನವರಿಗೆ ಯಾವ ತತ್ತ್ವಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ತಮ್ಮ ಮನೆಗಳ ನಡುವಣ ಮರಗಳಲ್ಲಿ ಅವಕ್ಕೆ ನೆಲೆಕೊಟ್ಟು ಕಾಯುತ್ತ ಬಂದಿದ್ದಾರೆ. ಕೊಕ್ಕರೆ ಹಸಿವೆನ್ನದೆ ಹಸಿಯುತ್ತದೆ. ಯಂತ್ರ ಹಸಿಯದೆ ಹಸಿವೆನ್ನಬಲ್ಲದು. ಮನುಷ್ಯರು ಬರೆದಿಟ್ಟ ಅಪಾರ ಬರಹಗಳಿಂದ ಕಲಿತ ಯಂತ್ರಕ್ಕೆ ಭಯದ ಮಾತುಗಳು ದೊರಕಿದ್ದು ಭಯಪಟ್ಟ ಮನುಷ್ಯರಿಂದ. ಹಾಗಾಗಿ ಮಾತು ಮಾತ್ರವೇ ಅರಿವಿಗೆ ಸಾಕ್ಷಿಯಾಗಲಾರದು.

ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ನಮಗೆ ಒಂದು ವಿಷಯವನ್ನು ಮತ್ತೆ ಮತ್ತೆ ಕಲಿಸಲಾಗುತ್ತಿತ್ತು: ಆತ್ಮವು ದೇಹವೆಂಬ ಮನೆಯಲ್ಲಿರುವ ಬಾಡಿಗೆದಾರನಲ್ಲ, ದೇಹವನ್ನು ಜೀವಂತ ದೇಹವನ್ನಾಗಿಸುವ ಸ್ವರೂಪತತ್ತ್ವವೇ ಆತ್ಮ. ಆತ್ಮವೊಂದೇ ‘ನಾನು’ ಅಲ್ಲವೆನ್ನುವಷ್ಟು ದೂರ ಅವರು ಹೋಗುತ್ತಾರೆ. ಆಗ ಇದು ಒಣ ಪಾಠವೆನಿಸಿತ್ತು. ಇಂದು ಅದರ ಬೆಲೆ ತಿಳಿಯುತ್ತಿದೆ. ಮನಸ್ಸನ್ನು ಒಂದು ಕಡತದಂತೆ ದೇಹದಿಂದ ತೆಗೆದು ಯಂತ್ರದೊಳಗೆ ಇರಿಸಬಹುದೆನ್ನುವವರು, ತಮಗರಿವಿಲ್ಲದೆಯೇ ದೇಹವನ್ನು ಹೀಗಳೆದು ಆತ್ಮವನ್ನಷ್ಟೇ ಹಿಡಿಯುವ ಹಳೆಯ ತಪ್ಪಿಗೆ ಮರಳುತ್ತಿದ್ದಾರೆ. ಗಣಕದ ಲೋಕವಾದರೂ ಆಕಾಶದಲ್ಲಿ ತೇಲುವುದಿಲ್ಲ. ಅದಕ್ಕೂ ನೆಲ ಬೇಕು, ನೀರು ಬೇಕು, ವಿದ್ಯುತ್ತು ಬೇಕು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ರೈತರ ಭೂಮಿಯನ್ನು ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ನಿರ್ಮಿಸಿರುವುದನ್ನು ನೋಡಿದವರಿಗೆ ವಿದ್ಯುತ್ತೆಂಬುದು ಎಷ್ಟು ಮಣ್ಣಿನ ಸಂಗತಿಯೆಂದು ತಿಳಿಯುತ್ತದೆ. ದೇಹವಿಲ್ಲದ ಬುದ್ಧಿಯನ್ನು ನಾವು ಎಲ್ಲಿಯೂ ಕಟ್ಟಿಲ್ಲ. ಬೇರೊಂದು ಬಗೆಯ ದೇಹವನ್ನು, ನೋಯದ ದೇಹವನ್ನು, ಕಟ್ಟಿದ್ದೇವೆ.

ಸ್ವಪ್ರಜ್ಞೆಗೆ ಇನ್ನೊಂದು ಮುಖವಿದೆ. ಲತೀನಿನ ‘ಕೊನ್‌ಷಿಯೆಂತ್ಸಿಯಾ’ ಎಂಬ ಒಂದೇ ಪದದಿಂದ ಪ್ರಜ್ಞೆ, ಮನಸ್ಸಾಕ್ಷಿ ಎಂಬ ಎರಡೂ ಅರ್ಥಗಳು ಯೂರೋಪಿನ ಭಾಷೆಗಳಲ್ಲಿ ಕವಲೊಡೆದವು. ಕನ್ನಡದ ‘ಮನಸ್ಸಾಕ್ಷಿ’ಯಲ್ಲಿಯೂ ಒಳಗೆ ನಿಂತು ನೋಡುವ ಸಾಕ್ಷಿಯೊಬ್ಬನಿದ್ದಾನೆ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕದಲ್ಲಿ ದೂರದರ್ಶನದಲ್ಲಿ ಮಾತನಾಡಿ ಮುಗಿಸಿದ ಲೇಖಕಿಯನ್ನು ತೆರೆಯ ಮೇಲಿನ ಅವಳದೇ ಬಿಂಬ ತಡೆದು ನಿಲ್ಲಿಸಿ ಪ್ರಶ್ನಿಸುತ್ತದೆ. ಪ್ರೇಕ್ಷಕರು ಬೆಚ್ಚುತ್ತಾರೆ. ಆದರೆ ಬಿಂಬಕ್ಕೆ ಜೀವ ಬಂದಿತೆಂದು ಯಾರೂ ತಿಳಿಯುವುದಿಲ್ಲ. ಲೇಖಕಿಯ ಮನಸ್ಸಾಕ್ಷಿಯೇ ಹೊರಗೆ ನಿಂತು ಮಾತನಾಡುತ್ತಿದೆಯೆಂದು ಅರಿಯುತ್ತಾರೆ. ತನ್ನನ್ನು ತಾನು ಅರಿಯುವುದೆಂದರೆ ತನ್ನ ಬಗೆಗೆ ಮಾಹಿತಿ ಹೊಂದಿರುವುದಲ್ಲ, ತನ್ನ ಕೃತ್ಯಕ್ಕೆ ತಾನು ಉತ್ತರ ಹೇಳಬೇಕಾದವನೆಂದು ತಿಳಿಯುವುದು. ಯಂತ್ರವು ಕ್ಷಮೆ ಕೇಳುತ್ತದೆ, ಅದೂ ಬಹಳ ಸೌಜನ್ಯದಿಂದ. ಆದರೆ ಆ ರಾತ್ರಿ ಅದಕ್ಕೆ ನಿದ್ದೆಗೆಡುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತ ಯಾವ ಗುರುವೂ ಈ ಎರಡರ ಅಂತರವನ್ನು ಬಲ್ಲನು.

ಇಷ್ಟೆಲ್ಲ ವಿಚಾರವು ಪುಸ್ತಕದಿಂದ ಇಳಿದು ಮನೆಯಂಗಳಕ್ಕೆ ಬಂದದ್ದು ಒಬ್ಬ ತಾಯಿಯ ಮೂಲಕ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರೂ ಊರೂ ಬೇಡವೆಂದರು. ಅವರ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದನು. ಅವನು ಮೊಬೈಲಿನಲ್ಲಿ ಕಳುಹಿಸಿದ್ದ ಧ್ವನಿಸಂದೇಶಗಳನ್ನು ಕಲೆಹಾಕಿ, ಬಂಧುವಾದ ಯುವಕನೊಬ್ಬ ಅವನದೇ ಧ್ವನಿಯಲ್ಲಿ ಉತ್ತರ ಕೊಡುವ ವ್ಯವಸ್ಥೆಯನ್ನು ಮಾಡಿಕೊಟ್ಟಿದ್ದನು. ತಾಯಿಗೆ ಸಮಾಧಾನವಾಗಲೆಂಬುದೇ ಅವನ ಉದ್ದೇಶ. ಒಂದು ದಿನ ಅವರು ನನ್ನ ಬಳಿ ಬಂದು ಕೇಳಿದರು: “ಸ್ವಾಮಿ, ಅದು ನನ್ ಮಗನ ದನೀಲೇ ಮಾತಾಡುತ್ತೆ. ಊಟ ಆಯ್ತೇನಮ್ಮ ಅನ್ನುತ್ತೆ. ನಾನು ಅತ್ತರೆ ಅಳಬೇಡಮ್ಮ ಅನ್ನುತ್ತೆ. ಅದಕ್ಕೆ ನಾನ್ಯಾರು ಅಂತ ಗೊತ್ತೈತಾ ಸ್ವಾಮಿ?”

ಮಳೆ, ಲೆಕ್ಕಗಳ ವಾದವನ್ನು ಅವರ ಮುಂದಿಡುವುದು ಕ್ರೌರ್ಯವಾಗುತ್ತಿತ್ತು. “ನಿಮಗೇನನ್ನಿಸುತ್ತದೆ ಅಮ್ಮಾ?” ಎಂದೆನು. ಬಹಳ ಹೊತ್ತು ಸೆರಗಿನ ಅಂಚನ್ನು ಸುತ್ತುತ್ತ ಕುಳಿತು, ಆಮೇಲೆ ಅವರೆಂದರು: “ನನ್ ಮಗ ಒಂದೇ ಮಾತು ಎರಡು ಸಲ ಕೇಳಿದ್ರೆ ಸಿಡುಕೋನು. ಇದು ನೂರು ಸಲ ಕೇಳಿದ್ರೂ ಸಿಡುಕಲ್ಲ. ಅವನಿಗೆ ಅವನದೇ ಬದುಕಿತ್ತು ಸ್ವಾಮಿ. ಇದಕ್ಕೆ ನನ್ನ ಬಿಟ್ರೆ ಏನೂ ಇಲ್ಲ.”

ಸರ್ಲ್‌ರೂ ಟೊನೋನಿಯೂ ಹೇಳದ ಒಂದು ಮಾತನ್ನು ಆ ತಾಯಿ ಹೇಳಿದ್ದರು. ವ್ಯಕ್ತಿಯೆಂದರೆ ನಾವು ನೋಡದಿರುವಾಗಲೂ ಇರುವವನು. ಅವನಿಗೆ ತನ್ನದೇ ಆದ ದಣಿವು, ತನ್ನದೇ ಆದ ಅವಸರ, ನಮಗೆ ಹೇಳದ ಒಂದು ಗುಟ್ಟು ಇರುತ್ತದೆ. ಆ ದಣಿವನ್ನು ಬದಿಗಿಟ್ಟು ‘ಊಟ ಆಯ್ತೇನಮ್ಮ’ ಎಂದು ಕೇಳಿದಾಗ ಅದು ಪ್ರೀತಿಯಾಗುತ್ತದೆ; ಯಾಕೆಂದರೆ ಕೇಳದೆಯೂ ಇರಬಹುದಾಗಿತ್ತು. ಯಂತ್ರದ ಆ ಪ್ರಶ್ನೆಗೆ ಯಾರೂ ಏನನ್ನೂ ತೆತ್ತಿಲ್ಲ. ಮಗನು ನಿಜವಾಗಿ ಕಳುಹಿಸಿದ ಸಂದೇಶಗಳನ್ನು ಭಾವಚಿತ್ರದಂತೆ ಜೋಪಾನವಾಗಿಡಿ, ಅವು ಅವನ ಮಾತುಗಳು; ಅವನು ಹೇಳದಿದ್ದುದನ್ನು ಅವನದೆಂದು ತಿಳಿಯಬೇಡಿ, ಎಂದಷ್ಟೇ ನಾನು ಹೇಳಿದೆನು. ಆಗ ಅವರು ಕೇಳಿದರು: “ಹಂಗಾದ್ರೆ ಈಗ ಅವನೆಲ್ಲಿ ಸ್ವಾಮಿ?” ಕೇಳಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು.

2025ರ ಜನವರಿ 28ರಂದು, ಸಂತ ತೋಮಸ್ ಅಕ್ವಿನಾಸರ ಸ್ಮರಣೆಯ ದಿನದಂದೇ, ವ್ಯಾಟಿಕನ್ನಿನ ಎರಡು ಪೀಠಾಂಗಗಳು ‘ಅಂತೀಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯನ್ನು ಹೊರಡಿಸಿದವು. ಕೃತಕ ಬುದ್ಧಿಮತ್ತೆಯನ್ನು ಮಾನವ ಬುದ್ಧಿಯ ಕೃತಕ ರೂಪವೆಂದು ಭಾವಿಸದೆ, ಮಾನವ ಬುದ್ಧಿಯ ಉತ್ಪನ್ನವೆಂದು ಕಾಣಬೇಕೆಂಬುದು ಅದರ ಬೋಧನೆಗಳಲ್ಲೊಂದು. ಅದೇ ವರ್ಷದ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋರವರು, 1891ರಲ್ಲಿ ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದ ಹದಿಮೂರನೆಯ ಲಿಯೋರವರ ನೆನಪಿನಲ್ಲಿ ತಮ್ಮ ಹೆಸರನ್ನು ಆರಿಸಿಕೊಂಡುದಕ್ಕೆ ಕೃತಕ ಬುದ್ಧಿಮತ್ತೆಯ ಸವಾಲೂ ಕಾರಣವೆಂದರು. ಪ್ರತಿಯೊಂದು ಆತ್ಮವನ್ನೂ ದೇವರೇ ನೇರವಾಗಿ ಸೃಷ್ಟಿಸುತ್ತಾರೆಂಬುದು ಧರ್ಮಸಭೆಯ ಬೋಧನೆ. ಹಾಗಿದ್ದರೆ ದೇವರು ಮನಸ್ಸು ಮಾಡಿದರೆ ಯಂತ್ರಕ್ಕೂ ಆತ್ಮವನ್ನು ಕೊಡಬಾರದೇಕೆ ಎಂದು ಜಾಣ ಯುವಕರು ಕೇಳುವುದುಂಟು. ದೇವರ ಕೈಯನ್ನು ಕಟ್ಟಲು ನಾನು ಯಾರು? ಆದರೆ ಅವರು ಕೊಡುವುದು ಬೇರೆ, ನಾವು ಕಟ್ಟುವುದು ಬೇರೆ. ನಮ್ಮ ಜಾಣತನದ ಫಲವಾಗಿ ಆತ್ಮವು ಹುಟ್ಟೀತೆಂದು ನಂಬಲು ನನಗೆ ಆಧಾರ ಕಾಣುತ್ತಿಲ್ಲ. ನೆನಪು, ಎಣಿಕೆ, ಭಾಷಾಂತರ ಮೊದಲಾದ ಮನಸ್ಸಿನ ಎಷ್ಟೋ ಕೆಲಸಗಳು ಲೆಕ್ಕದಂಥವೆಂದು ಯಂತ್ರಗಳು ನಮಗೆ ತೋರಿಸಿಕೊಟ್ಟಿವೆ. ಅದಕ್ಕಾಗಿ ಅವಕ್ಕೆ ಕೃತಜ್ಞರಾಗಿರೋಣ. ಆದರೆ ನೋವು, ಪ್ರೀತಿ, ಪಶ್ಚಾತ್ತಾಪಗಳು ಮಳೆಯಂಥವು. ಅವು ಸುರಿದರೆ ಯಾರಾದರೊಬ್ಬರು ತೋಯಲೇಬೇಕು.

ಆ ತಾಯಿ ಮೊಬೈಲನ್ನು ಎಸೆದಿಲ್ಲ. ಈಗಲೂ ಕೆಲವೊಮ್ಮೆ ಅದನ್ನು ಕೇಳುತ್ತಾರಂತೆ, ಮೊದಲಿನಷ್ಟಲ್ಲ. ನವೆಂಬರ್ 2ರಂದು, ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ಮಗನ ಹೆಸರು ಬರೆದ ಚೀಟಿಯನ್ನು ಪೂಜೆಗೆ ಕೊಟ್ಟು, ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ ಕುಳಿತಿದ್ದರು. ಪುನರುತ್ಥಾನದ ಮುಂಜಾನೆ ತೋಟದಲ್ಲಿ ಮಗ್ದಲದ ಮರಿಯಳು ಪ್ರಭುವನ್ನು ಗುರುತಿಸಿದ್ದು ಅವರು ತನ್ನನ್ನು ಹೆಸರು ಹಿಡಿದು ಕರೆದಾಗ. ಅವಳನ್ನು ಬಲ್ಲವರೇ ಅವಳನ್ನು ಕರೆದರು. ಆ ಕರೆಗಾಗಿ ನಮ್ಮ ಮೃತರೂ ನಾವೂ ಕಾಯುತ್ತಿದ್ದೇವೆ. ಸಮಾಧಿಯ ಬಳಿ ಆ ತಾಯಿ ಆಡಿದ ಮಾತುಗಳಿಗೆ ಯಾವ ಉತ್ತರವೂ ಬರಲಿಲ್ಲ. ಮೊಬೈಲಿನಿಂದ ಉತ್ತರ ಬರುತ್ತದೆ, ಆಲಿಸುವವರಿಲ್ಲ. ಪ್ರಾರ್ಥನೆಗೆ ಬಹಳ ಸಲ ಉತ್ತರ ಕೇಳಿಸುವುದಿಲ್ಲ, ಆಲಿಸುವವರಿದ್ದಾರೆ. ಉತ್ತರಗಳು ಇಷ್ಟು ಅಗ್ಗವಾಗಿರುವ ಈ ಕಾಲದಲ್ಲಿ ಆ ಮೌನದ ಎದುರು ಕುಳಿತುಕೊಳ್ಳುವ ಧೈರ್ಯವನ್ನು ಪ್ರಭುವು ನಮಗೆಲ್ಲರಿಗೂ ದಯಪಾಲಿಸಲಿ.